ಕೆಂಪು ದೀಪ ಉರಿಯುವಷ್ಟು ಹೊತ್ತು

ಆ ಮನೆಯಲ್ಲಿ ಸ್ನಾನಕ್ಕೆ ಹೋಗುವವರು ಬಚ್ಚಲ ಬಾಗಿಲಲ್ಲಿ ನಿಂತು "ಸ್ನಾನಾ!" ಎಂದು ಕೂಗಬೇಕು. ಕೂಗಿದ ಕೂಡಲೇ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಟಿವಿ ಎಲ್ಲವೂ ಬಾಯಿ ಮುಚ್ಚಬೇಕು. ಯಾಕೆಂದರೆ ಇಡೀ ಮನೆಗೆ ಇದ್ದದ್ದು ಒಂದೇ ಬಡಕಲು ತಂತಿ. ನೀರು ಕಾಯಿಸುವ ಕರೆಂಟ್ ಶವರ್ ಓಡುತ್ತಿರುವಾಗ ಯಾರಾದರೂ ಮೈಮರೆತು ಇನ್ನೊಂದು ಸ್ವಿಚ್ಚು ಒತ್ತಿದರೋ, ಟಪ್ಪೆಂದು ಫ್ಯೂಸ್ ಹೋಗುತ್ತಿತ್ತು. ಒಳಗಿದ್ದವರು ಕಣ್ಣಲ್ಲಿ ಸೋಪು, ಬಾಯಲ್ಲಿ ಬೈಗುಳ ಇಟ್ಟುಕೊಂಡು ಕತ್ತಲಲ್ಲಿ ನಿಲ್ಲಬೇಕು.

ಸೊಸೆಗೆ ಸಾಕಾಗಿಹೋಗಿತ್ತು. ಅಷ್ಟೆಲ್ಲ ಕೂಗಾಡಿದ ಮೇಲೆ ಬರುತ್ತಿದ್ದ ನೀರಾದರೂ ಎಂಥದು! ನೆಗಡಿ ಹಿಡಿದ ಮೂಗಿನ ಹಾಗೆ ಸೋರುವ ಉಗುರುಬೆಚ್ಚಗಿನ ನೀರು. ದಿನವಿಡೀ ಬಟ್ಟೆ ಅಂಗಡಿಯಲ್ಲಿ ನಿಂತು ಬಂದವಳ ಬೆನ್ನಿಗೆ ಅದೆಲ್ಲಿ ಸಾಲುತ್ತದೆ? ದೊಡ್ಡ ಶವರ್ ಹಾಕಿಸಿ ಎಂದು ಗಂಡನ ಪ್ರಾಣ ತಿಂದಳು. ಗಂಡನಿಗೋ ಕರೆಂಟೆಂದರೆ ಎದೆ ನಡುಕ. ಬಲ್ಬು ಬದಲಿಸುವಾಗಲೂ ರಬ್ಬರ್ ಚಪ್ಪಲಿ ಹುಡುಕುವ ಪೈಕಿ. ಅಂತೂ ಇಂತೂ ಹೂಂ ಅಂದ.

ಅತ್ತೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಇರೋದೇ ಚೆನ್ನಾಗಿದೆ. ಇರಲಾರದೆ ಇರುವೆ ಬಿಟ್ಕೋಬೇಡ ಕಣೇ," ಎಂದರು.

ಸೊಸೆ ಕಿವಿಗೇ ಹಾಕಿಕೊಳ್ಳಲಿಲ್ಲ. ತಾನು ಬೇಕು ಅಂದದ್ದಕ್ಕೆ ಅತ್ತೆ ಬೇಡ ಅನ್ನದಿದ್ದರೆ ಸೂರ್ಯ ಹುಟ್ಟುತ್ತಾನೆಯೇ?

ಎಲೆಕ್ಟ್ರಿಷಿಯನ್ ಬಂದ. ಅವನಿಗೆ ಶಾಕ್ ಹೊಡೆದದ್ದು ಜನ್ಮದಲ್ಲಿ ಒಂದೇ ಸಲ. ಅದನ್ನೇ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಹೇಳಿ ಬೀದಿಗೆಲ್ಲ ಶಾಕಣ್ಣ ಆಗಿದ್ದ. ಗೋಡೆ ಕೊರೆದು, ಅಡಿಗೆಮನೆಯ ಡಬ್ಬಿಗಳಿಗೆಲ್ಲ ಸುಣ್ಣದ ಪುಡಿ ಬಳಿದು, ಮೇನ್ ಬೋರ್ಡಿನಿಂದ ಬಚ್ಚಲಿಗೆ ಕಿರುಬೆರಳ ದಪ್ಪದ ಬೇರೆಯೇ ತಂತಿ ಎಳೆದು ಹೊಸ ದೊಡ್ಡ ಶವರ್ ಕೂರಿಸಿದ. ಬಚ್ಚಲ ಬಾಗಿಲ ಹೊರಗೆ ಶವರಿಗೆಂದೇ ಒಂದು ದೊಡ್ಡ ಸ್ವಿಚ್ಚು, ಅದರ ನೆತ್ತಿಯ ಮೇಲೆ ಪುಟ್ಟ ಕೆಂಪು ದೀಪ.

"ಇನ್ಮೇಲೆ ಕೂಗೋದು ಗೀಗೋದು ಏನೂ ಬೇಡ ಅಕ್ಕಾ. ನೀವು ಒಳಗೆ ಸ್ನಾನ ಮಾಡ್ತಿರಿ, ಹೊರಗೆ ಏನು ಬೇಕಾದ್ರೂ ಹಾಕ್ಕೊಳ್ಳಲಿ," ಎಂದು ಹೇಳಿ, ಗೋಡೆಗೆ ಸಿಮೆಂಟ್ ಮೆತ್ತಲು ನಾಳೆ ಬರುತ್ತೇನೆಂದು ಹೋದ.

ಅಂದು ಸಂಜೆ ಸೊಸೆ ಮಹಾರಾಣಿಯ ಠೀವಿಯಲ್ಲಿ ಬಚ್ಚಲಿಗೆ ಹೋದಳು. ಆಹಾ, ನೀರೆಂದರೆ ನೀರು! ಬೆನ್ನ ಮೇಲೆ ಸುಡುಸುಡು ಬಿದ್ದು, ನೋವೆಲ್ಲ ಇಳಿದು ಹೋಗತೊಡಗಿತು.

"ಅಮ್ಮಾ, ಮಿಕ್ಸಿ ಮುಚ್ಚಳ ಕೂರ್ತಾನೇ ಇಲ್ಲ!" ಮಗಳು ಬಾಗಿಲು ಬಡಿದಳು.

ಅವಳು ಹೋದಳೆನ್ನುವಷ್ಟರಲ್ಲಿ ಗಂಡ. "ಏನೇ, ನನ್ನ ನೀಲಿ ಶರ್ಟ್ ಎಲ್ಲಿ? ಇಸ್ತ್ರಿಪೆಟ್ಟಿಗೆ ಕಾದಿದೆ." ಹಾಲಿನಲ್ಲಿ ಟಿವಿ ಅರಚುತ್ತಿತ್ತು. "ಟಿವಿ ರಿಮೋಟ್ ಕಂಡ್ಯಾ?" ಇದೂ ಗಂಡನೇ.

ಸೊಸೆಗೆ ಆಗ ಹೊಳೆಯಿತು. ಇಷ್ಟು ವರ್ಷ ಅವಳು ಸ್ನಾನಕ್ಕೆ ಹೋದರೆ ಮನೆಯಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಏನೂ ಮಾಡುವಂತಿಲ್ಲದವರಿಗೆ ಅವಳು ಬೇಕಾಗಿರಲೂ ಇಲ್ಲ. ದಿನಕ್ಕೊಮ್ಮೆ ಯಾರೂ ಅವಳನ್ನು ಕರೆಯದ ಹೊತ್ತೆಂದರೆ ಅದೊಂದೇ ಆಗಿತ್ತು. ಅದನ್ನು ತಾನೇ ಹಟ ಮಾಡಿ ಕೀಳಿಸಿ ಹಾಕಿದ್ದಳು. ಬಿಸಿನೀರಿನ ಕೆಳಗೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಹೊರಗೆ ಬಂದಾಗ ಅತ್ತೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಸೊಸೆಯ ಕೆಂಪು ಕಣ್ಣು ನೋಡಿ, "ಅದಕ್ಕೇ ಕಣೇ ಬೇಡ ಅಂದಿದ್ದು. ನನಗೂ ಇದ್ದಿದ್ದು ಅದೊಂದೇ," ಎಂದರು.

ಮರುದಿನ ಶಾಕಣ್ಣ ಸಿಮೆಂಟಿನ ಬಾಣಲೆ ಹಿಡಿದು ಬಂದಾಗ ಸೊಸೆ ಮೆಲ್ಲಗೆ ಕೇಳಿದಳು: "ಹಳೇ ತಂತೀನೇ ಮತ್ತೆ ಹಾಕೋಕಾಗುತ್ತಾ ಅಣ್ಣಾ?"

"ಬಿಡ್ತು ಅನ್ನಿ ಅಕ್ಕಾ! ಆ ತಂತಿಗೆ ಈ ಶವರ್ ಕೊಟ್ರೆ ಮನೆ ಹತ್ಕೊಂಡು ಉರಿಯುತ್ತೆ."

ಅತ್ತೆ ನಡುವೆ ಬಾಯಿ ಹಾಕಿದರು. "ಅದಿರ್ಲಿ. ಆ ಕೆಂಪು ದೀಪ ಯಾಕಪ್ಪಾ?"

"ಸ್ವಿಚ್ಚು ಹಾಕಿದೆ, ಕರೆಂಟ್ ಬಂದಿದೆ ಅಂತ ಗೊತ್ತಾಗೋಕೆ ಅಮ್ಮಾ."

"ಭಾರೀ ಕರೆಂಟಾ?"

"ಭಾರೀನೇ. ಮುಂಚಿನದಕ್ಕಿಂತ ತುಂಬಾ ಜಾಸ್ತಿ."

ಅತ್ತೆ ಮಗನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯೇನೋ? ದೀಪ ಉರೀತಿರೋವಾಗ ಭಾರೀ ಕರೆಂಟು. ಯಾವ ಸ್ವಿಚ್ಚಿಗೂ ಕೈ ಹಾಕ್ಬೇಡ. ಬಾಗಿಲ ಹತ್ರಾನೂ ಸುಳೀಬೇಡ."

ಶಾಕಣ್ಣ ಏನೋ ಹೇಳಲು ಬಾಯಿ ತೆರೆದ. ಅತ್ತೆ ಒಂದು ನೋಟ ನೋಡಿದರು. ಅವನು ಬಾಯಿ ಮುಚ್ಚಿಕೊಂಡು ಸಿಮೆಂಟ್ ಕಲಸಲು ಕೂತ. ಗಂಡ ಆಗಲೇ ಬೆವರುತ್ತಾ ಟಿವಿ ಆರಿಸಿದ್ದ. ಮಗಳು ನಗು ತಡೆದುಕೊಂಡು ಅಜ್ಜಿಯನ್ನೂ ಅಮ್ಮನನ್ನೂ ನೋಡಿದಳು. ಆಮೇಲೆ ಹೋಗಿ ಮಿಕ್ಸಿಯ ಪ್ಲಗ್ಗನ್ನು ತಾನೇ ಕಿತ್ತಳು. ಅವಳೂ ಹೆಣ್ಣುಮಗಳೇ, ಮುಂದೆ ತನಗೂ ಬೇಕಾಗುತ್ತದೆ ಎಂದು ಲೆಕ್ಕ ಹಾಕಿರಬೇಕು.

ಭಾನುವಾರ ಮಧ್ಯಾಹ್ನ ಕೆಂಪು ದೀಪ ಉರಿಯುತ್ತಿತ್ತು. ಮನೆಯೆಲ್ಲ ಗಪ್‌ಚುಪ್. ಗಂಡ ಸೋಫಾದ ಮೇಲೆ ಕಾಲೆತ್ತಿಕೊಂಡು ಕೂತಿದ್ದ, ನೆಲಕ್ಕೆ ತಾಗಿದರೆ ಎಲ್ಲಿ ಹೊಡೆಯುತ್ತದೋ ಎಂದು.

"ಅಮ್ಮಂದು ಬೆಳಿಗ್ಗೆಯಿಂದ ಇದು ಮೂರನೇ ಸ್ನಾನ ಅಲ್ವೇನೇ?" ಎಂದು ಪಿಸುಗುಟ್ಟಿದ.

ಸೊಸೆ ಬಚ್ಚಲ ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ನೀರಿನ ಸದ್ದೇ ಇಲ್ಲ. ಸ್ಟೂಲಿನ ಮೇಲೆ ಕೂತು ಗೋಡೆಗೊರಗಿದ ಅತ್ತೆಯ ಗೊರಕೆ ಮಾತ್ರ ಸಣ್ಣಗೆ ಕೇಳುತ್ತಿತ್ತು. ಅವಳಿಗೆ ಅತ್ತೆಯ ಮೇಲೆ ಎಂದೂ ಇಲ್ಲದ ಅಕ್ಕರೆ ಉಕ್ಕಿ ಬಂತು.

"ಶ್! ಮಾತಾಡ್ಬೇಡಿ, ದೀಪ ಉರೀತಿದೆ," ಎಂದಳು. ಒಣಗಿದ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. "ಅವರದಾದ ಮೇಲೆ ನಂದು."