ತೌನೊ ಹೆಸರಲ್ಲಿ ಬರೆದದ್ದು

ಹೂಗುಚ್ಛಕ್ಕೆ ಸುತ್ತಿದ್ದ ಕಾಗದವನ್ನು ಮೆರ್ವಿ ಸದ್ದಾಗದಂತೆ ಬಿಚ್ಚಲು ನೋಡಿದಳು. ಆದರೂ ಅದು ಇಗರ್ಜಿಯ ಮೂಲೆಮೂಲೆಗೆ ಕೇಳಿಸುವಷ್ಟು ಸರಸರಗುಟ್ಟಿತು. ಮುಂದಿನ ಸಾಲಿನ ಮುದುಕಿಯೊಬ್ಬಳು ಹಿಂದೆ ತಿರುಗಿ ನೋಡಿದಳು. ಒಬ್ಬೊಬ್ಬರೇ ಎದ್ದು ಶವಪೆಟ್ಟಿಗೆಯ ಬಳಿ ಹೋಗಿ, ಹೂವಿಟ್ಟು, ಅದಕ್ಕೆ ಕಟ್ಟಿದ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿ, ತಲೆಬಾಗಿ ಹಿಂದಿರುಗುತ್ತಿದ್ದರು.

ಮೆರ್ವಿಯ ಸರದಿ ಬಂತು. ಬಿಳಿ ಹೂಗಳನ್ನು ಪೆಟ್ಟಿಗೆಯ ಮೇಲಿಟ್ಟು ಚೀಟಿ ನೋಡಿದಳು.

"ನೆನಪುಗಳೊಂದಿಗೆ, ಮೆರ್ವಿ" ಎಂದು ಓದಿದಳು.

ಅಷ್ಟೇ ಇತ್ತು. ಊರಿನ ಅರ್ಧ ಅಂಗಡಿಗಳ ಜಾಲತಾಣ ಮಾಡಿಕೊಟ್ಟವಳು ಅವಳು. ಬೇಕರಿಯವನ ಕಪ್ಪು ಬ್ರೆಡ್ಡಿಗೆ, ಟ್ರ್ಯಾಕ್ಟರ್ ರಿಪೇರಿಯವನಿಗೆ, ಹಲ್ಲಿನ ಡಾಕ್ಟರಿಗೆ ಕೂಡ ಮಾತು ಬರೆದುಕೊಟ್ಟವಳು. ಈ ಒಂದು ಚೀಟಿಗೆ ಮಾತ್ರ ಏನೂ ಹೊಳೆಯದೆ, ನೀನೇ ಏನಾದರೂ ಹಾಕು ಎಂದು ಹೂವಿನಂಗಡಿಯವಳಿಗೆ ಬಿಟ್ಟಿದ್ದಳು.

ಮೊದಲ ಸಾಲಿನಲ್ಲಿ ಕುಳಿತಿದ್ದ ಸಿಲ್ವಿ, ಸತ್ತವನ ಹೆಂಡತಿ, ಅವಳ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದಳು. ಆ ನೋಟದಲ್ಲಿದ್ದ ಪ್ರೀತಿಯನ್ನು ತಾಳಲಾಗದೆ ಮೆರ್ವಿ ತನ್ನ ಜಾಗಕ್ಕೆ ಬಂದು ಕುಳಿತಳು.

ಪಾದ್ರಿ ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡರು.

"ನಮ್ಮ ತೌನೊ ಕಮ್ಮಾರರಾಗಿದ್ದರು. ಚಾಕು ಮಾಡೋರು. ಅವರು ಬ್ಲಾಗಿನಲ್ಲಿ ಒಂದು ಕಡೆ ಬರೀತಾರೆ: ಕಬ್ಬಿಣ ಕಾಯಬೇಕು, ಅದು ಕಾಯೋ ತನಕ ನಾನೂ ಕಾಯಬೇಕು, ನನ್ನ ಕಸುಬು ಅಂದ್ರೆ ಇಷ್ಟೇ, ಅಂತ. ಇದಕ್ಕಿಂತ ದೊಡ್ಡ ಪ್ರಾರ್ಥನೆ ನನಗೆ ಗೊತ್ತಿಲ್ಲ."

ಯಾರೋ ಮೂಗೊರೆಸಿಕೊಂಡರು. ಆ ಸಾಲನ್ನು ಮೆರ್ವಿ ತನ್ನ ಅಡುಗೆಮನೆಯಲ್ಲಿ, ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿದ್ದಾಗ ಬರೆದಿದ್ದಳು.

*

ಜಾಲತಾಣ ಮಾಡಿಸಲೆಂದು ಮೆರ್ವಿಯನ್ನು ತೌನೊನ ಮನೆಗೆ ಮೊದಲು ಕರೆದುಕೊಂಡು ಹೋದವಳು ಸಿಲ್ವಿಯೇ. ಹೊಳೆಯ ಪಕ್ಕದ ಬಯಲಿನಲ್ಲಿ ಕೆಂಪು ಬಣ್ಣ ಬಳಿದ ಮರದ ಮನೆ, ಅದರ ಬೆನ್ನಿಗೆ ಕುಲುಮೆ. ಒಂದು ಕಾಲದಲ್ಲಿ ಸುತ್ತಲಿನ ರೈತರು, ಬೇಟೆಗಾರರು ಎಲ್ಲರ ಸೊಂಟದಲ್ಲೂ ತೌನೊ ಬಡಿದ ಚಾಕುವೇ ಇರುತ್ತಿತ್ತಂತೆ. ಈಗ ಅವರೆಲ್ಲ ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಿಡಿಯ ಚಾಕು ಕೊಳ್ಳುತ್ತಿದ್ದರು. ಬೆಂಕಿ ಹಚ್ಚಿದ ದಿನಕ್ಕಿಂತ ಹಚ್ಚದ ದಿನವೇ ಹೆಚ್ಚಾಗಿತ್ತು.

"ಪುಟಕ್ಕೆ ಬಂದವರು ಮೊದಲು ಬೆಂಕಿ ನೋಡಬೇಕು. ಆಮೇಲೆ ನಿಮ್ಮ ಕೈ. ಆಮೇಲೆ ಚಾಕು" ಎಂದು ಮೆರ್ವಿ ವಿವರಿಸಿದ್ದಳು. "ಬೆಲೆ ಬಚ್ಚಿಡಬಾರದು. ಆರ್ಡರ್ ಮಾಡೋ ಬಟನ್ ಹುಡುಕದೇ ಸಿಗಬೇಕು. ಮತ್ತೆ ವಾರಕ್ಕೊಂದು ಬ್ಲಾಗ್ ಬರಹ."

"ವಾರಕ್ಕೊಂದಾ? ನನಗೆ ವರ್ಷಕ್ಕೊಂದು ಹೇಳೋಕೂ ಇರಲ್ಲ."

"ನಾನು ಬರೀತೀನಿ. ನೀವು ಓದಿ ಹೂಂ ಅಂದ್ರೆ ಸಾಕು."

ಮೊದಲ ಬರಹವನ್ನು ಸಿಲ್ವಿ ಜೋರಾಗಿ ಓದಿದಳು. ತೌನೊ ಸಾಣೆಕಲ್ಲಿನ ಪಕ್ಕ ನಿಂತು ಕೊನೆಯವರೆಗೂ ಕೇಳಿದ.

"ಯಾರು ಇವನು?"

"ನೀವೇ. ಸ್ವಲ್ಪ ಜಾಸ್ತಿ ಮಾತಾಡ್ತಿದೀರಿ, ಅಷ್ಟೇ" ಎಂದಳು ಮೆರ್ವಿ.

"ಒಳ್ಳೆ ಮನುಷ್ಯನ ಥರ ಕಾಣ್ತಾನೆ. ಇವನ ಹತ್ತಿರ ನಾನೂ ಒಂದು ಚಾಕು ತಗೋತೀನಿ" ಎಂದು ಹೇಳಿ ತೌನೊ ಮತ್ತೆ ಸಾಣೆಗೆ ತಿರುಗಿದ.

ಜನ ನಿಜವಾಗಿಯೂ ತಗೊಂಡರು. ಮೊದಲು ಹೆಲ್ಸಿಂಕಿಯವರು, ಆಮೇಲೆ ಜರ್ಮನಿಯವರು. ಬೇಸಿಗೆಯಲ್ಲಿ ಕಾರು ಮಾಡಿಕೊಂಡು ಕುಲುಮೆ ನೋಡಲು ಬರತೊಡಗಿದರು. ಸಿಲ್ವಿ ಏಲಕ್ಕಿ ಬನ್ನು ಬೇಯಿಸಿ ಅಂಗಳದಲ್ಲಿ ಮೇಜು ಹಾಕಿದಳು. ಒಮ್ಮೆ ಬಂದವಳೊಬ್ಬಳು, ಆ ಕಬ್ಬಿಣ ಕಾಯುವ ಮಾತನ್ನು ನಿಮ್ಮ ಬಾಯಲ್ಲೇ ಕೇಳಬೇಕು ಎಂದು ಹಟ ಹಿಡಿದಾಗ ತೌನೊ ಕೆಂಪಾಗಿ, ಪದ್ಯ ಮರೆತ ಶಾಲೆಯ ಮಗುವಿನಂತೆ ಮೆರ್ವಿಯ ಕಡೆ ನೋಡಿದ್ದ. ಅವಳು ಮೆಲ್ಲಗೆ ಹೇಳಿಕೊಟ್ಟಿದ್ದಳು. ಎಲ್ಲರೂ ನಕ್ಕಿದ್ದರು, ತೌನೊ ಕೂಡ.

*

ಹೆಪ್ಪುಗಟ್ಟಿದ ನೆಲವನ್ನು ಯಂತ್ರದಿಂದ ಅಗೆದಿದ್ದರು. ಪೆಟ್ಟಿಗೆಯನ್ನು ಪಟ್ಟಿಗಳಿಂದ ಇಳಿಸಿದವರಲ್ಲಿ ನೆರೆಮನೆಯ ಉರ್ಹೊ ಒಬ್ಬ. ಮಣ್ಣಾದ ಮೇಲೆ ಎಲ್ಲರೂ ಇಗರ್ಜಿಯ ಸಭಾಮನೆಗೆ ಬಂದು, ಮೀನಿನ ಸಾರು ಕುಡಿದು, ಕಾಫಿಗೆ ಕುಳಿತರು.

ದೂರದಿಂದ ಬಂದ ಸಂತಾಪಗಳನ್ನು ಯಾರಾದರೂ ಓದುವುದು ರೂಢಿ. "ನೀನೇ ಓದು. ಬರೆದವರೆಲ್ಲ ನಿನ್ನ ಪುಟ ನೋಡಿ ಬಂದೋರು" ಎಂದು ಸಿಲ್ವಿ ಕಾಗದಗಳನ್ನು ಮೆರ್ವಿಯ ಕೈಗಿಟ್ಟಿದ್ದಳು. ಮೆರ್ವಿ ಎದ್ದು ಓದಿದಳು. 'ನಿಮ್ಮ ಮಾತು ನನ್ನ ಕಷ್ಟದ ದಿನಗಳಲ್ಲಿ ಜೊತೆಗಿತ್ತು.' 'ನಿಮ್ಮನ್ನು ನೋಡಿಲ್ಲ, ಆದರೂ ನಿಮ್ಮ ದನಿ ಗೊತ್ತು.' ಒಂದೊಂದು ಓದಿದಾಗಲೂ ಅವಳ ದನಿ ಒಣಗುತ್ತಾ ಬಂತು. ಕೇಳುವವರಿಗೆ ಅದು ದುಃಖವೆನಿಸಿತು. ಪಕ್ಕದಲ್ಲಿದ್ದವರು ಅವಳ ಬೆನ್ನು ಸವರಿದರು.

ಅವಳು ಕುಳಿತ ಮೇಲೆ ಉರ್ಹೊ ಎದ್ದ. ಅವನು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಪಾದ್ರಿಗಳು ಹೇಳಿದ ಮನುಷ್ಯ ನನಗೆ ಗೊತ್ತಿಲ್ಲ" ಎಂದ. "ತೌನೊ ಇಡೀ ವರ್ಷ ಆಡಿದ ಮಾತೆಲ್ಲ ಸೇರಿಸಿದ್ರೂ ಈಗ ಓದಿದಷ್ಟು ಆಗಲ್ಲ."

ಕೆಲವರು ನಕ್ಕರು.

"ನನಗೆ ಗೊತ್ತಿದ್ದ ತೌನೊ ಹೊಳೆ ಮೇಲಿನ ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯೋನು. ಸುಮ್ಮನೆ ಕೂತಿರೋನು. ಅಕ್ಟೋಬರಲ್ಲಿ ನನಗಂದ, ಈ ಸಲ ಚಳಿಗಾಲ ಕುಲುಮೆ ಮುಚ್ತೀನಿ, ದಿನಾ ಮೀನಿಗೆ ಹೋಗೋಣ ಅಂತ. ನಾನು ಹೊಸ ಕೊರೆಯೋ ಸಲಕರಣೆ ತಂದೆ. ಮಂಜುಗಡ್ಡೆ ಗಟ್ಟಿಯಾದ ದಿನ ಕರೆಯೋಕೆ ಹೋದ್ರೆ ಬೆಂಕಿ ಉರೀತಿತ್ತು. ಯಾಕೋ ಅಂದೆ. ಹುಡುಗಿ ಏನೋ ಬರೆದಿದಾಳೆ, ಆರ್ಡರ್ ನಿಲ್ತಿಲ್ಲ, ಕೊಟ್ಟ ಮೇಲೆ ಮಾಡಬೇಕಲ್ಲ ಅಂದ." ಉರ್ಹೊ ಮೇಜಿನ ಅಂಚು ಹಿಡಿದುಕೊಂಡ. "ಅಷ್ಟೇ. ಮೀನು ಚೆನ್ನಾಗಿ ಹಿಡೀತಿದ್ದ."

ಅವನು ಯಾರ ಕಡೆಯೂ ನೋಡದೆ ಕುಳಿತ. ಚಮಚಗಳ ಸದ್ದು ಮತ್ತೆ ಶುರುವಾಯಿತು. ಯಾವ ಹುಡುಗಿ ಎಂದು ಯಾರೂ ಕೇಳಲಿಲ್ಲ.

*

ತೌನೊ ಮೆರ್ವಿಯ ಕಚೇರಿಗೆ ಬಂದದ್ದು ಒಂದೇ ಸಲ, ಆ ಅಕ್ಟೋಬರಿನಲ್ಲೇ. ಇಗರ್ಜಿಗೆ ಹಾಕುವ ಕೋಟು ತೊಟ್ಟು, ಉಗುರಿನ ಮಸಿ ಹೋಗುವಂತೆ ಕೈ ಉಜ್ಜಿ ತೊಳೆದು ಬಂದಿದ್ದ.

"ಮುಚ್ಚಿದೆ ಅಂತ ಹಾಕು. ವಸಂತದ ತನಕ."

"ಏನಾಯ್ತು?"

"ಸುಸ್ತು."

ಅವನ ಬಾಯಲ್ಲಿ ಆ ಮಾತನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ. ಕೇಳಿಸಿಕೊಂಡಳು, ಆದರೆ ಅವಳ ಕಣ್ಣು ಪರದೆಯಲ್ಲಿ ಆರ್ಡರುಗಳ ಏರುವ ಗೆರೆಯ ಮೇಲಿತ್ತು. "ಕ್ರಿಸ್‌ಮಸ್ ಮುಂದಿದೆ, ತೌನೊ. ಈಗ ಮುಚ್ಚಿದ್ರೆ ಇಂಟರ್ನೆಟ್ಟಲ್ಲಿ ಹುಡುಕೋರಿಗೆ ನೀವು ಸಿಗೋದೇ ಇಲ್ಲ. ಮತ್ತೆ ಪಟ್ಟಿಯ ಮೇಲೆ ಬರೋಕೆ ತುಂಬ ದಿನ ಹಿಡಿಯುತ್ತೆ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತ. "ಹಾಗಾದ್ರೆ ನೀನೇ ಏನಾದ್ರೂ ಬರಿ. ಜನಕ್ಕೆ ಬೇಜಾರಾಗಬಾರದು. ಆದ್ರೆ ಕಡಿಮೆ ಆಗಬೇಕು."

ಅವಳು ಬರೆದಳು: 'ಈ ವರ್ಷದ ಬೆಂಕಿ ಆರುವ ಮುನ್ನ, ಇನ್ನು ಕೆಲವೇ ಚಾಕುಗಳು.'

ಇಂಥ ಸಾಲು ಏನು ಮಾಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯವರಿಗೆ ತಾನು ನಡೆಸುವ ತರಗತಿಗಳಲ್ಲಿ ಅದನ್ನೇ ಕಲಿಸುತ್ತಿದ್ದಳು. ಮುಗಿಯುತ್ತಿದೆ ಎಂದರೆ ಜನ ಓಡಿ ಬರುತ್ತಾರೆ. 'ಕೆಲವೇ' ಅಂದರೆ ಎಷ್ಟು ಎಂದು ಒಂದು ಮಿತಿ ಹಾಕಬಹುದಿತ್ತು, ಹಾಕಲಿಲ್ಲ. ಮುಂದಿನ ತಿಂಗಳು ಸೆಯ್ನಯೊಕಿ ಪಟ್ಟಣದಲ್ಲಿ ಅಂಗಡಿಕಾರರ ಸಭೆಯಿತ್ತು. ಯಶಸ್ವಿ ಜಾಲತಾಣ ಅಂದರೆ ಹೇಗಿರಬೇಕು ಎಂದು ಅವಳು ತೋರಿಸಬೇಕಿದ್ದದ್ದು ತೌನೊನ ಪುಟವನ್ನೇ. ಮುಚ್ಚಿದ ಅಂಗಡಿಯನ್ನು ಯಾರು ನೋಡುತ್ತಾರೆ?

ಸಭೆಯಲ್ಲಿ ಚಪ್ಪಾಳೆ ಬಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ, ಕಾಫಿ ಆರುತ್ತಿದೆ ಎಂದು ಕರೆಯಲು ಹೋದ ಸಿಲ್ವಿಗೆ ತೌನೊ ಕುಲುಮೆಯ ನೆಲದ ಮೇಲೆ ಸಿಕ್ಕಿದ. ಹೃದಯ, ಎಂದರು ಡಾಕ್ಟರು.

*

ಸಭಾಮನೆಯ ಅಡುಗೆಕೋಣೆಯಲ್ಲಿ ಸಿಲ್ವಿ ತೊಳೆದ ಬಟ್ಟಲುಗಳನ್ನು ಒರೆಸುತ್ತಿದ್ದಳು. ನೀನು ಹೋಗಿ ಕೂತ್ಕೋ ಎಂದವರನ್ನೆಲ್ಲ ಹೊರಗೆ ಕಳಿಸಿದ್ದಳು. ಮೆರ್ವಿ ಒಳಗೆ ಬಂದು ಬಾಗಿಲು ಎಳೆದುಕೊಂಡಳು.

"ಉರ್ಹೊ ಹೇಳಿದ್ದು ನಿಜ, ಸಿಲ್ವಿ. ಅವರು ಮುಚ್ಚು ಅಂದಿದ್ರು. ನಾನೇ..."

"ಗೊತ್ತು."

ಸಿಲ್ವಿ ಒರೆಸಿದ ಬಟ್ಟಲನ್ನೇ ಮತ್ತೆ ಒರೆಸಿದಳು.

"ನಿನ್ನ ಹತ್ತಿರ ಬಂದುಹೋದ ದಿನ ಸಂಜೆ ನನ್ನ ಕೇಳಿದ, ಮುಚ್ಚಿದಾಳಾ ನೋಡು ಅಂತ. ಅವನಿಗೆ ಕಂಪ್ಯೂಟರ್ ಮುಟ್ಟೋಕೆ ಬರಲ್ವಲ್ಲ. ನೋಡಿದೆ. ಬಟನ್ ಇದ್ದಲ್ಲೇ ಇತ್ತು. ನೀನು ಬರೆದಿದ್ದೂ ಓದಿದೆ."

"ಏನಂದ್ರಿ ಅವರಿಗೆ?"

"ಚೆನ್ನಾಗಿ ಬರೆದಿದಾಳೆ ಅಂದೆ."

ಹೊರಗೆ ಯಾರೋ ಕುರ್ಚಿ ಎಳೆದರು.

"ಮನೆಗೆ ಜನ ಬರ್ತಿದ್ರು, ಮೆರ್ವಿ. ದೂರದೂರದಿಂದ ಬರ್ತಿದ್ರು. ಮದುವೆಯಾದಾಗಿಂದ ಅವನ ಮೌನದ ಜೊತೆ ಬಾಳಿದೋಳು ನಾನು. ಬೈಯೋದಿಲ್ಲ, ಹೊಗಳೋದಿಲ್ಲ. ವಾರವಾರ ನೀನು ಬರೆದದ್ದು ಓದೋವಾಗ, ಇವನ ಒಳಗೆ ಇಷ್ಟೆಲ್ಲ ಇತ್ತಾ ಅನ್ನಿಸೋದು. ನೀನೇ ಬರೆಯೋದು ಅಂತ ಗೊತ್ತಿದ್ರೂ ಅನ್ನಿಸೋದು. ಆ ಬ್ಲಾಗಿನವನು ನನಗೆ ಇಷ್ಟ ಆಗಿಬಿಟ್ಟಿದ್ದ." ಅವಳು ಬಟ್ಟಲನ್ನು ಕೆಳಗಿಟ್ಟಳು. "ಅವನು ನಿಂತುಹೋಗೋದು ನನಗೆ ಬೇಡವಾಗಿತ್ತು."

"ಕ್ಷಮಿಸಿ" ಎಂದಳು ಮೆರ್ವಿ. ತನ್ನ ಕಿವಿಗೇ ಅದು ಚೀಟಿಯ ಮೇಲಿನ ಮಾತಿನಂತೆ ಕೇಳಿಸಿತು.

"ಇವತ್ತು ನನ್ನ ಹತ್ತಿರ ಕೊಡೋಕೆ ಕ್ಷಮೆ ಇಲ್ಲ. ನನಗೇ ಸಾಲ್ತಿಲ್ಲ. ಆ ಬಟನ್ ಇನ್ನೂ ಇದೆ, ಅಲ್ವಾ?"

ಇತ್ತು. ಸಾವಿನ ಸುದ್ದಿ ಹಾಕಿದ ಮೇಲೂ ಮೆರ್ವಿಗೆ ಅದನ್ನು ಮುಟ್ಟಲು ಕೈ ಬಂದಿರಲಿಲ್ಲ.

"ತೆಗಿ ಈಗ."

ಮೆರ್ವಿ ಫೋನ್ ತೆಗೆದಳು. ಸಿಲ್ವಿ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತಳು. ಮೆರ್ವಿ ಎರಡು ಕಡೆ ಬೆರಳೊತ್ತಿದಳು. ಬಟನ್ ಹೋಯಿತು.

"ಇಷ್ಟೇನಾ?"

"ಇಷ್ಟೇ."

ಸಿಲ್ವಿ ಕನ್ನಡಕ ತೆಗೆದಳು. ಆಮೇಲೆ ಒರೆಸುವ ಬಟ್ಟೆಯನ್ನು ಮೊಳೆಗೆ ನೇತುಹಾಕಿ, "ನನ್ನನ್ನ ಮನೆಗೆ ಬಿಡು" ಎಂದಳು.

*

ಕಾರು ನಿಂತಾಗ ಬಯಲಿನ ಮೇಲೆ ಬೆಳಕು ನೀಲಿಗೆ ತಿರುಗುತ್ತಿತ್ತು. ಅಂಗಳದ ಕಂಬದಲ್ಲಿ ಸಾವಿನ ಗುರುತಾಗಿ ಬೆಳಿಗ್ಗೆ ಅರ್ಧಕ್ಕೆ ಏರಿಸಿದ್ದ ಬಾವುಟ ಹಾಗೇ ಇತ್ತು. ತನ್ನ ಕಾರಿನಲ್ಲಿ ಹಿಂದೆಯೇ ಬಂದಿದ್ದ ಉರ್ಹೊ ಕಂಬದ ಬುಡದಲ್ಲಿ ಬಗ್ಗಿ ಹಗ್ಗದೊಡನೆ ಗುದ್ದಾಡುತ್ತಿದ್ದ.

"ಮಣ್ಣಾಗಿ ಬಂದ ಮೇಲೆ ತುದಿಗೆ ಏರಿಸಬೇಕು. ಕತ್ತಲಾಗೋದ್ರೊಳಗೆ ಇಳಿಸಬೇಕು" ಎಂದ. "ಗಂಟು ಮಂಜುಗಟ್ಟಿದೆ. ನನ್ನ ಬೆರಳು ಬಾಗಲ್ಲ."

"ನಾನು ನೋಡ್ತೀನಿ."

ಅವನು ಅವಳನ್ನು ಒಮ್ಮೆ ನೋಡಿ ಪಕ್ಕಕ್ಕೆ ಸರಿದ. ಸಿಲ್ವಿ ಮನೆಯೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಿಟಕಿಯಲ್ಲಿ ದೀಪ ಹೊತ್ತಿತು.

ಮೆರ್ವಿ ಕೈಗವಸು ಕಳಚಿ ಹಿಮದ ಮೇಲೆ ಹಾಕಿದಳು. ಗಂಟು ಕಲ್ಲಿನಂತಿತ್ತು. ಉಗುರಿನಿಂದ ಕೆದಕಿದಳು, ಜಗ್ಗಿದಳು. ಕೊನೆಗೆ ಮೊಣಕಾಲೂರಿ, ಗಂಟನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಬಾಯಿ ಹತ್ತಿರ ತಂದು ಉಸಿರು ಬಿಟ್ಟಳು. ಮತ್ತೆ ಬಿಟ್ಟಳು. ಕರಗಿದ ನೀರು ಬೆರಳುಗಳ ಸಂದಿಯಿಂದ ಇಳಿದು ಕಪ್ಪು ಕೋಟಿನ ತೋಳಿನೊಳಗೆ ಹರಿಯಿತು. ಮೇಲೆ, ಕಂಬದ ನಟ್ಟನಡುವೆ, ಮಂಜಿಗೆ ಸೆಟೆದ ಬಾವುಟ ಹಲಗೆಯಂತೆ ಅಲುಗದೆ ನಿಂತಿತ್ತು.