ಕೇದಾರ ಘಾಟಿನಲ್ಲಿ ಬಿಟ್ಟದ್ದು

“ಹಾಗಲಕಾಯಿ,” ಎಂದು ಮೊದಲನೆಯವಳು ಬೊಗಸೆಯ ನೀರು ಬಿಟ್ಟಳು. “ಹಾಗಲಕಾಯಿ,” ಎಂದಳು ಎರಡನೆಯವಳು. ಮೂರನೆಯವಳು ತುಸು ಯೋಚಿಸಿ, ಹೊಸದೇನೋ ಹೊಳೆದವಳಂತೆ ಮುಖ ಅರಳಿಸಿಕೊಂಡು, “ಹಾಗಲಕಾಯಿ” ಎಂದಳು.

ಕೇದಾರ ಘಾಟಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಪುರೋಹಿತ ವಿಶ್ವನಾಥ ಭಟ್ಟರು ನಿಟ್ಟುಸಿರಿಟ್ಟರು. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಹೋಗಬೇಕು. ಆಮೇಲೆ ಸಾಯುವ ತನಕ ಅದನ್ನು ಮುಟ್ಟಬಾರದು. ಕರ್ನಾಟಕದಿಂದ ಬರುವ ಯಾತ್ರಿಕರಿಗೆಲ್ಲ ಈ ಸಂಕಲ್ಪ ಮಾಡಿಸುವುದು ಭಟ್ಟರ ಮನೆತನದ ಕೆಲಸ.

“ಇಲ್ಲೀ ತನಕ ಬಿಟ್ಟ ಹಾಗಲಕಾಯಿಗೆ ಗಂಗೆ ಕಹಿಯಾಗಬೇಕಿತ್ತು, ತಾಯಿ. ನಾನು ಹೇಳಿದ್ದು ಇಷ್ಟವಾದದ್ದು ಅಂತ.”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರೆಲ್ಲ ಕುಂದಾಪುರದ ಕಡೆಯ ಕಡಲಂಚಿನ ಊರಿನವರು, ಮೀನು ಮಾರಿ ಬದುಕುವವರು. ಕೊನೆಯಲ್ಲಿ ನಿಂತವರು ಅನಂತಲಕ್ಷ್ಮಿ. ಅವರು ಎಲೆಅಡಿಕೆ ಬಿಡುತ್ತಾರೆಂದೇ ಎಲ್ಲರ ಲೆಕ್ಕ. ಆ ಕೆನ್ನೆ ಖಾಲಿಯಾಗಿದ್ದನ್ನು ಕಂಡವರಿರಲಿಲ್ಲ.

“ನಾ ಪ್ರತಿಷ್ಠಾನ ಬಿಟ್ಟೆ,” ಎಂದು ಅವರು ಬೊಗಸೆ ತೆರೆದರು.

ನಗು ಹಾಗೇ ನಿಂತುಹೋಯಿತು. ಪಕ್ಕದಲ್ಲಿದ್ದ ಕೃಷ್ಣವೇಣಿಯ ಕೈಯಿಂದ ತಾಮ್ರದ ಚೊಂಬು ಜಾರಿ ನೀರಿಗೆ ಬಿತ್ತು. ಅದನ್ನು ಎತ್ತಬೇಕೆಂದು ಯಾರಿಗೂ ಹೊಳೆಯಲಿಲ್ಲ.

“ಬಾಯ್ ತಪ್ತಾ ಅನಂತಕ್ಕ? ಎಲೆಅಡ್ಕಿ ಅಂದ್ರಾ?” ಎಂದು ಒಬ್ಬಳು ಆಸೆಯಿಂದ ಕೇಳಿದಳು.

“ತಪ್ಲಿಲ್ಲೆ. ಇಷ್ಟ ಇದ್ದದ್ ಬಿಡ್ಕ್ ಅಂದ್ರಲೆ ಭಟ್ರ್? ನಂಗ್ ಅದ್ಕಿಂತ ಇಷ್ಟ ಇದ್ದದ್ ಬೇರೆ ಎಂತ ಇತ್ತ್?”

ಭಟ್ಟರೂ ತಬ್ಬಿಬ್ಬಾದರು. “ಅಮ್ಮಾ, ಹಣ್ಣು ಬಿಡಿ, ತರಕಾರಿ ಬಿಡಿ. ಸಂಸ್ಥೆ ಬಿಟ್ಟವರನ್ನ ನಾನು ನೋಡಿಲ್ಲ.”

“ಈಗ ಕಂಡ್ರಲೆ,” ಎಂದು ಅನಂತಲಕ್ಷ್ಮಿ ಮೂಗು ಹಿಡಿದು ಮುಳುಗಿದರು.

ಕಡಲು ಉಕ್ಕಿ ಬಾವಿಗಳೆಲ್ಲ ಉಪ್ಪಾದ ವರ್ಷ, ಮೀನಿನ ಬುಟ್ಟಿ ಹೊತ್ತು ಮನೆಮನೆ ಸುತ್ತಿ ಆ ಪ್ರತಿಷ್ಠಾನ ಕಟ್ಟಿದವರು ಅವರೇ. ಊರವರು ಕೈಲಾದಷ್ಟು ಹಾಕುವುದು, ಮುಂಬೈ ಸೇರಿದ ಊರವರು ಅದಕ್ಕೆ ಕೂಡಿಸುವುದು. ಸಿಹಿನೀರಿನ ಟ್ಯಾಂಕು, ಬಿರುಗಾಳಿಗೆ ಹರಿದ ಬಲೆಗೆ ಹೊಸ ಬಲೆ, ಗಂಡ ಕಡಲಿಂದ ಬಾರದ ಮನೆಗೆ ಅಕ್ಕಿ, ಹೀಗೆ ತೀರದ ಊರುಗಳ ತೀರದ ತಾಪತ್ರಯಗಳನ್ನು ಅದೇ ನೋಡಿಕೊಂಡಿತ್ತು. ಈ ಸಲದ ಕೆಲಸ ದೋಣಿ. ನದಿ ಕಡಲು ಸೇರುವಲ್ಲಿರುವ ಕುದ್ರು ಎಂಬ ನಡುಗಡ್ಡೆಗೆ ಸೇತುವೆಯಿಲ್ಲ. ಕಳೆದ ಮಳೆಗಾಲದಲ್ಲಿ ಕೃಷ್ಣವೇಣಿಯ ತಂಗಿ ಹೆರಿಗೆ ನೋವಿನಲ್ಲಿ ಕುದ್ರಿನ ದಡದಲ್ಲೇ ದೋಣಿಗಾಗಿ ಕಾದಿದ್ದಳು. ದೋಣಿ ಬರುವಷ್ಟರಲ್ಲಿ ಮಗು ಉಳಿದಿರಲಿಲ್ಲ. ರೋಗಿಗಳನ್ನು ದಾಟಿಸಲು ಕುದ್ರಿನಲ್ಲೇ ಒಂದು ಯಂತ್ರದ ದೋಣಿ ಇರಬೇಕೆಂದು ಅಂದೇ ತೀರ್ಮಾನವಾಗಿತ್ತು.

ಅದನ್ನು ಕೊಡಿಸಲು ಒಪ್ಪಿದ್ದವರು ಮುಂಬೈಯ ಹೋಟೆಲು ಮಾಲೀಕ ವಿಷ್ಣುತೀರ್ಥ ರಾಯರು. ದೋಣಿ ಕಟ್ಟುವವರಿಗೆ ಅಂತಿಮ ಮಾತು ಹೇಳುವ ಮೊದಲು ಅವರು ಫೋನು ಮಾಡುವುದಿತ್ತು, ಅದೂ ಅಂದೇ ಸಂಜೆ. ಕೃಷ್ಣವೇಣಿ ಪ್ರತಿಷ್ಠಾನದ ಎಲ್ಲ ಕೆಲಸ ಬಲ್ಲವಳು, ರಾಯರೊಡನೆ ಮಾತೊಂದನ್ನು ಬಿಟ್ಟು. ಒಮ್ಮೆ ಅವಳು ಫೋನೆತ್ತಿದಾಗ ಅವರು ಹೇಳಿದ್ದು ಒಂದೇ ಮಾತು: “ಅನಂತಮ್ಮನಿಗೆ ಕೊಡು.”

ಶಿವಾಲ ಕೇರಿಯಲ್ಲಿ ತಾವು ಇಳಿದುಕೊಂಡಿದ್ದ ಭಟ್ಟರ ಮನೆಗೆ ಮರಳಿದೊಡನೆ ಅನಂತಲಕ್ಷ್ಮಿ ತಮ್ಮ ಫೋನನ್ನು ಕೃಷ್ಣವೇಣಿಯ ಮಡಿಲಿಗೆ ಹಾಕಿದರು. “ಇದೂ ಪ್ರತಿಷ್ಠಾನದ್ದೇ.”

“ಇವತ್ತ್ ಒಂದಿನ ಮಾತಾಡಿ ಅನಂತಕ್ಕ. ನಿಮ್ಮ ಕಾಲ್ ಹಿಡಿತೆ. ದೋಣಿ ಹೋತ್ತ್!”

“ಗಂಗೆ ಹತ್ರ ಕೊಟ್ಟದ್ ಒಂದಿನಕ್ಕೆ ವಾಪಾಸ್ ಕೇಂಬುಕೆ ಆತ್ತಾ?” ಎಂದು ಅವರು ಮಹಡಿ ಹತ್ತಿ, ಗೋಡೆಗೆ ಮುಖಮಾಡಿ ಮಲಗಿದರು.

ಕೃಷ್ಣವೇಣಿ ಅಂಗಳದಲ್ಲಿ ಕುಸಿದು ಕೂತಳು. ಆಗ ಮಾತೆಲ್ಲ ಕೇಳಿಸಿಕೊಂಡು ಬಂದವಳು ಭಟ್ಟರ ಮಗಳು ಸಾತ್ವಿಕಾ, ವಿಶ್ವವಿದ್ಯಾಲಯದಲ್ಲಿ ನಾಟಕ ಓದುತ್ತಿದ್ದವಳು. ಕಾಶಿಯ ಲಂಕಾ ಬೀದಿಯ ಆಟೋದವರಿಂದ ಹಿಡಿದು ಮಂತ್ರ ಹೇಳುವಾಗ ಕೆಮ್ಮುವ ಅಪ್ಪನವರೆಗೆ ಯಾರ ದನಿಯನ್ನೂ ಅವಳು ಅನುಕರಿಸದೆ ಬಿಟ್ಟಿರಲಿಲ್ಲ.

“ಅರೆ ಅಕ್ಕಾ, ಟೆನ್ಶನ್ ಯಾಕೆ? ನಾನ್ ಮಾತಾಡ್ತೀನಿ, ಅವ್ರ ಆವಾಜ್‌ನಲ್ಲೇ.” ಕೆನ್ನೆಯೊಳಕ್ಕೆ ನಾಲಿಗೆ ಒತ್ತಿ, ತಲೆ ಓರೆ ಮಾಡಿದಳು. “ಹ್ವಾಯ್, ಎಂತ ಕಾಂತ್ರಿ ನನ್ನ ಮುಖ? ಮೀನ್ ಕಾಂಬ ಬೆಕ್ಕಿನ ಕಣೆಗೆ!”

ಕೃಷ್ಣವೇಣಿಗೆ ಮೈ ಜುಂ ಎಂದಿತು. ಕಣ್ಣು ತೆರೆದರೆ ಸಾತ್ವಿಕಾ, ಮುಚ್ಚಿದರೆ ಅನಂತಲಕ್ಷ್ಮಿ. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಸಾತ್ವಿಕಾ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

“ಅನಂತಮ್ಮ? ದೋಣಿಯವರಿಗೆ ಈಗಲೇ ಹೇಳ್ಬೇಕು. ನನ್ನದೊಂದು ಆಸೆ ಉಂಟು. ದೋಣಿ ಕುದ್ರಿನಲ್ಲಿ ಬೇಡ, ಈಚೆ ದಡದಲ್ಲಿ ನಮ್ಮ ದೇವಸ್ಥಾನದ ಹತ್ರ ನಿಲ್ಲಲಿ. ಡಾಂಬರು ರಸ್ತೆ ಉಂಟು, ನಾಲ್ಕು ಜನ ಬರ್ತಾರೆ, ಅದರ ಮೇಲೆ ನನ್ನಪ್ಪನ ಹೆಸರು ಕಾಣ್ತಾರೆ. ಏನಂತೀರಿ?”

ಕಾಶಿಯಲ್ಲಿ ಹುಟ್ಟಿದ ಹುಡುಗಿ. ದೇವಸ್ಥಾನದ ಮೆಟ್ಟಿಲಿಗೆ ದೋಣಿ ಕಟ್ಟುವುದು ಅವಳ ಪಾಲಿಗೆ ದನವನ್ನು ಕೊಟ್ಟಿಗೆಯಲ್ಲಿ ಕಟ್ಟಿದಷ್ಟೇ ಸಹಜ.

“ಆಯ್ತ್ ರಾಯ್ರೆ! ನಿಮ್ಮಿಷ್ಟ. ಅಲ್ಲೇ ನಿಲ್ಲಲಿ!”

ಮಹಡಿಯಲ್ಲಿ ಧಡ್ ಎಂದು ಸದ್ದಾಯಿತು. ತಮ್ಮದೇ ದನಿ ಕೆಳಗಿನಿಂದ ತಮ್ಮ ದೋಣಿಯನ್ನು ದಾನ ಮಾಡುತ್ತಿರುವುದನ್ನು ಕೇಳಿದ ಅನಂತಲಕ್ಷ್ಮಿ, ಕೆದರಿದ ಕೂದಲಲ್ಲೇ ಮೆಟ್ಟಿಲಿಳಿದು ಬಂದರು.

“ಯಾರದ್? ನಾ ಇಲ್ಲಿದ್ದೆ! ಅಲ್ಲ್ ಮಾತಾಡೂದ್ ಯಾರ್?” ಎನ್ನುತ್ತ ಫೋನಿಗೆ ಕೈ ಚಾಚಿದರು.

ಆ ಕೈಯನ್ನು ಕೃಷ್ಣವೇಣಿ ಎಡಗೈಯಿಂದ ತಡೆದಳು. “ನೀವ್ ಬಿಟ್ಟಾಯ್ತಲೆ,” ಎಂದವಳೇ ಬಲಗೈಯಿಂದ ಫೋನು ಕಿತ್ತುಕೊಂಡಳು.

“ರಾಯ್ರೆ, ನಾ ಕೃಷ್ಣವೇಣಿ. ಈಗ ಮಾತಾಡಿದ್ ಅನಂತಕ್ಕ ಅಲ್ಲ, ಭಟ್ರ ಮಗಳ್. ತಪ್ಪಾಯ್ತ್. ಆದ್ರೆ ದೋಣಿ ಕುದ್ರಿನಗೇ ನಿಲ್ಕ್. ಹೊಳೆ ಬಂದಾಗ ಆಚಿ ದಡದ ದೋಣಿ ಕರೂಕೆ ನಮ್ಗೆ ರೆಕ್ಕೆ ಇಲ್ಲೆ. ನನ್ನ ತಂಗಿ ಕುದ್ರಿನಗೇ ಕೂಕಂಡ್ ಕೂಗಿದ್. ನಿಮ್ಮಪ್ಪಯ್ಯನ ಹೆಸ್ರ್ ಎಷ್ಟ್ ದೊಡ್ಡದಾಯ್ ಬೇಕಾರೂ ಬರಿಸುವ. ಆದ್ರೆ ಆ ದಡದಗೆ ನಿಂತ್ರೆ ನಿಮ್ಮ ದೋಣಿ ನಮ್ಗೆ ಬ್ಯಾಡ.”

ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಸಾತ್ವಿಕಾ ಉಗುರು ಕಚ್ಚುತ್ತಿದ್ದಳು. ಚಾಚಿದ ಕೈಯನ್ನು ಅನಂತಲಕ್ಷ್ಮಿ ಇನ್ನೂ ಗಾಳಿಯಲ್ಲೇ ಹಿಡಿದಿದ್ದರು.

“ಅಂದ್ರೆ,” ಎಂದಿತು ಕೊನೆಗೆ ರಾಯರ ದನಿ, “ಅನಂತಮ್ಮ ಬದುಕಿದ್ದಾರಾ?”

“ಹಾಂ?”

“ಇಷ್ಟು ವರ್ಷದಲ್ಲಿ ಆ ಹೆಂಗಸು ನನ್ನ ಒಂದು ಮಾತಿಗೂ ಹೂಂ ಅಂದದ್ದಿಲ್ಲ ಮಾರಾಯ್ತಿ! ಈಗ ಒಂದೇ ಸಲಕ್ಕೆ ‘ನಿಮ್ಮಿಷ್ಟ’ ಅಂದಾಗ ನನ್ನೆದೆ ಧಸಕ್ ಅಂತು. ಕಾಶಿಗೆ ಹೋದವರು, ಅಲ್ಲೇ ಕಣ್ಣು ಮುಚ್ಚುವ ಹೊತ್ತಾಯ್ತೇನೋ ಅಂದುಕೊಂಡೆ.” ಅವರು ಮೂಗು ಸೀಟಿದರು. “ಇರಲಿ. ಕುದ್ರಿನಲ್ಲೇ ನಿಲ್ಲಲಿ. ದೋಣಿಯವರ ಹತ್ರ ನೀನೇ ಮಾತಾಡು. ಅವರಿಗೆ ನಿನ್ನ ನಂಬರು ಕೊಡ್ತೇನೆ.”

ಅಂಗಳದಲ್ಲಿ ಮೊದಲು ಕಿಸಕ್ಕೆಂದವಳು ಸಾತ್ವಿಕಾ. ಆಮೇಲೆ ಕೃಷ್ಣವೇಣಿ ಅಳುತ್ತಲೋ ನಗುತ್ತಲೋ ಗೋಡೆಗೆ ಒರಗಿದಳು. ಚಾಚಿದ ಕೈಯನ್ನು ಅನಂತಲಕ್ಷ್ಮಿ ಒಮ್ಮೆ ತಿರುಗಿಸಿ ನೋಡಿಕೊಂಡರು, ಮೆಲ್ಲಗೆ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಕೊನೆಗೆ ನಕ್ಕರು ನೋಡಿ, ಎಲ್ಲರಿಗಿಂತ ಗಟ್ಟಿಯಾಗಿ, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದಷ್ಟು. ಎದುರು ಮನೆಯ ತಾರಸಿಯ ಮೇಲೆ ಒಣಹಾಕಿದ ಸೀರೆ ಎಳೆಯುತ್ತಿದ್ದ ಕೋತಿಗಳು ಬೆಚ್ಚಿ, ಹಿಡಿದದ್ದನ್ನು ಅಲ್ಲೇ ಬಿಟ್ಟು ಓಡಿದವು.