ನಿಲ್ಲಿಸುವ ಕೆಲಸ

ಬಿಸಿಲು ಆಗಲೇ ಬ್ಯಾಟರಿಯ ತನಕ ಬಂದುಬಿಟ್ಟಿದೆ, ಅಂದರೆ ಮೂರು ಗಂಟೆ ದಾಟಿರಬೇಕು, ಬೆಳಿಗ್ಗೆ ಗೇಟಿನ ಹತ್ತಿರ ಇತ್ತು, ನಾನು ಬಗ್ಗಿದವನು ಬಗ್ಗಿಯೇ ಇದ್ದೇನೆ, ಅದು ಮಾತ್ರ ಒಂದೊಂದೇ ಹೆಜ್ಜೆ ಇಡುತ್ತಾ ಕಾರಿನ ಬಾನೆಟ್ಟಿನೊಳಗೆ ಬಂದು ಕೂತಿದೆ — ಬೆನ್ನು ನೆಟ್ಟಗೆ ಮಾಡಿದರೆ ಸೊಂಟದಲ್ಲೆಲ್ಲೋ ಟಕ್, ಯಾವ ಬೇರಿಂಗಿನ ಸದ್ದನ್ನಾದರೂ ಕಿವಿಯಿಂದಲೇ ಗುರುತಿಸುವವನು ನಾನು, ಇದು ಗ್ರೀಸು ಹಾಕಿದರೆ ಹೋಗುವ ಸದ್ದಲ್ಲ. ಇಪ್ಪತ್ತಾರು ವರ್ಷ ಲಿಫ್ಟು ರಿಪೇರಿ, ವಾರಕ್ಕೆ ಆರು ದಿನ ಬೇರೆಯವರ ಕಟ್ಟಡಗಳ ಕತ್ತಲ ಬಾವಿಯಲ್ಲಿ ನೇತಾಡಿ, ಏಳನೆಯ ದಿನ ಮನೆಯ ಮುಂದಿನ ಈ ತಗಡಿನ ಶೆಡ್ಡಿನಲ್ಲಿ, ಏಳು ತಿಂಗಳಿಂದ. ಈ ಇಂಜಿನ್ ಸರಿಮಾಡಲು ನಾಲ್ಕು ಭಾನುವಾರ ಸಾಕು ಅಂದಿದ್ದೆ. ಹೆಂಡತಿ ತನ್ನ ಕೆಲಸಕ್ಕೆ, ರಕ್ತ ಪರೀಕ್ಷೆಯ ಲ್ಯಾಬಿಗೆ, ಎರಡು ಬಸ್ಸು ಹಿಡಿದು ಹೋಗತೊಡಗಿದಳು, ಅಷ್ಟೇ, ಊಟದ ಡಬ್ಬಿ ಚೀಲದಲ್ಲಿ, ಕೊಡೆ ಕಂಕುಳಲ್ಲಿ, ಶೆಡ್ಡಿನ ಮುಂದೆ ಹಾದುಹೋಗುವಾಗ ಇಂಜಿನ್ನಿನ ಕಡೆ ನೋಡುತ್ತಲೂ ಇರಲಿಲ್ಲ, ನೋಡದೆ ಇರುತ್ತಲೂ ಇರಲಿಲ್ಲ, ಜಗಳವಾಡಿದ ನೆರೆಯವರ ಮನೆ ದಾಟುವ ಹಾಗೆ. ಮಾವ ಮಾತ್ರ ಪ್ರತಿ ಭಾನುವಾರ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು, ಅವಳ ಅಪ್ಪ, ಎಪ್ಪತ್ನಾಲ್ಕರ ದರ್ಜಿ, ಅಂಗಡಿ ಬಿಟ್ಟು ಹತ್ತು ವರ್ಷವಾದರೂ ಜೇಬಿನಲ್ಲಿ ಇಂದಿಗೂ ದಾರ ಕತ್ತರಿಸುವ ಸಣ್ಣ ಕತ್ತರಿ. ಅಳಿಯಂದಿರೇ, ಹೆರಿಗೆ ಯಾವಾಗ? ಇನ್ನೇನು ಮಾವ, ದಿನ ತುಂಬ್ತಾ ಬಂತು. ಹೋದ ತಿಂಗಳೂ ಹಿಂಗೇ ಅಂದ್ರಿ, ಆನೇನಾ ಹೊತ್ಕೊಂಡಿರೋದು?

ತಾಮ್ರದ ವಾಷರ್ ಒಂದು ಮೇಲೆ, ಒಂದು ಕೆಳಗೆ, ನಡುವೆ ಪೈಪು, ಬೆರಳು ತೂರಲ್ಲ, ಬೆರಳ ತುದಿಯ ಚರ್ಮವಷ್ಟೇ ತೂರುತ್ತದೆ, ಬೋಲ್ಟು ಹಲ್ಲಿಗೆ ಸಿಕ್ಕಿತಾ, ಸಿಕ್ಕಿತು, ನಿಧಾನ. ಟರ್ಬೊಗೆ ಎಣ್ಣೆ ಕೊಡುವ ಪೈಪು ಇದು, ಕಿರುಬೆರಳಿಗಿಂತ ತೆಳು, ಇಷ್ಟೆಲ್ಲ ಆದದ್ದು ಇದರ ಹಳೆಯದರಿಂದ, ಬಿಚ್ಚಿ ಊದಿದಾಗ ಉಸಿರೇ ಹೋಗಲಿಲ್ಲ, ಒಳಗೆಲ್ಲ ಸುಟ್ಟ ಎಣ್ಣೆಯ ಕರಿ. ಟರ್ಬೊ ಅಂದ್ರೆ ಏನ್ರೀ ಅದು ಅಂತ ಮಾವ ಕೇಳಿದ್ದರು, ಹೇಳಿದೆ, ಹೊಗೆ ಹೊರಗೆ ಹೋಗೋ ರಭಸಕ್ಕೆ ಒಂದು ಚಕ್ರ ತಿರುಗುತ್ತೆ ಮಾವ, ಅದೇ ಕಡ್ಡಿಯ ಇನ್ನೊಂದು ತುದೀಲಿರೋ ಚಕ್ರ ಇಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತೆ, ನಿಮಿಷಕ್ಕೆ ಲಕ್ಷ ಸುತ್ತು, ನಡುವೆ ಎಣ್ಣೆ ಇಲ್ಲ ಅಂದ್ರೆ ಮುಗೀತು. ಅಂದ್ರೆ ತಾನು ಬಿಟ್ಟ ಉಸಿರಿಂದಾನೇ ತನಗೆ ಗಾಳಿ ಹಾಕ್ಕೊಳುತ್ತೆ, ನನ್ನ ಗೊರಕೆ ಥರ, ಅಂದರು. ನಕ್ಕಿದ್ದೆ. ಅವಳು ಒಳಗೆ ಬಟ್ಟೆ ಮಡಿಸುತ್ತಿದ್ದಳು, ನಗಲಿಲ್ಲ. ಯಾಕೆ ನಗಬೇಕು, ಮೊದಲು ಕೇಳಿಸಿದ್ದೇ ಅವಳಿಗೆ, ಗಾಡಿ ಕೆಡುವ ಎರಡು ತಿಂಗಳು ಮೊದಲೇ, ರೀ, ಏನೋ ಶಿಳ್ಳೆ ಹೊಡೆದ ಹಾಗೆ ಕೇಳುತ್ತೆ, ಮೊದಲು ಹೀಗಿರಲಿಲ್ಲ. ಟರ್ಬೊ ಅಂದ್ರೆ ಶಿಳ್ಳೆ ಹೊಡೆಯುತ್ತೆ, ಅದರ ಗುಣಾನೇ ಅದು, ಅಂದೆ, ಪೇಪರಿನಿಂದ ತಲೆ ಎತ್ತದೆ ಅಂದೆ. ಆಮೇಲೆ ಇನ್ನೊಂದು ದಿನ, ರೀ, ಹಿಂದೆ ನೀಲಿ ಹೊಗೆ ಬರ್ತಿದೆ, ಸಿಗ್ನಲ್ಲಲ್ಲಿ ಪಕ್ಕದವರು ಗಾಜು ಏರಿಸ್ಕೊಂಡ್ರು. ಭಾನುವಾರ ನೋಡ್ತೀನಿ. ಎಷ್ಟು ಭಾನುವಾರ ಬಂದು ಹೋದವು. ಆರು ದಿನ ಊರವರ ಲಿಫ್ಟು ನೋಡಿ ಬಂದವನಿಗೆ ಏಳನೆಯ ದಿನ ಮಲಗಬೇಕು ಅನ್ನಿಸುತ್ತದೆ, ಅದು ತಪ್ಪಾ, ತಪ್ಪಲ್ಲ, ಆದರೆ ನೋಡುತ್ತೇನೆ ಅಂದದ್ದು ತಪ್ಪು, ನೋಡುವುದಿಲ್ಲ ಅಂದಿದ್ದರೆ ಅವಳೇ ಎಲ್ಲಾದರೂ ತೋರಿಸಿರುತ್ತಿದ್ದಳು.

ಸ್ಪ್ಯಾನರ್ ಜಾರಿತು, ಗೆಣ್ಣು ತರಚಿತು, ಇರಲಿ, ರಕ್ತ ಬಂದರೆ ಎಣ್ಣೆ ಮೆತ್ತಿಕೊಂಡು ತಾನೇ ನಿಲ್ಲುತ್ತದೆ — ಅವತ್ತು ಫೋನು ಬಂದಾಗಲೂ ಕೈ ತುಂಬ ಗ್ರೀಸು, ಹನ್ನೊಂದನೆಯ ಮಹಡಿಯ ಮೇಲೆ, ಬೆಳಿಗ್ಗೆ ಹತ್ತೂವರೆ, ಅವಳು ಮಾವನ ಕಣ್ಣಿನ ಪಟ್ಟಿ ಬಿಚ್ಚಿಸಲು ಕಾರಿನಲ್ಲಿ ಹೊರಟಿದ್ದಳು, ಪೊರೆ ತೆಗೆಸಿ ಎರಡು ದಿನ ಆಗಿತ್ತು. ಮೊಣಕೈಯಿಂದ ಸ್ಪೀಕರ್ ಒತ್ತಿದೆ, ಮೊದಲು ಅವಳ ದನಿಯಲ್ಲ, ಆ ಕಿರುಚು, ಇಂಜಿನ್ನಿನದೋ ಮನುಷ್ಯರದೋ ತಿಳಿಯದ ಕಿರುಚು, ಆಮೇಲೆ ಅವಳು, ರೀ, ಗಾಡಿ ನಿಲ್ತಾ ಇಲ್ಲ. ಬ್ರೇಕ್ ಹಾಕು. ನಿಂತಿದ್ದೀವಿ ರೀ, ರೋಡ್ ಪಕ್ಕ ನಿಲ್ಲಿಸಿದ್ದೀನಿ, ಇಂಜಿನ್ ನಿಲ್ತಾ ಇಲ್ಲ, ತಾನೇ ಜೋರಾಗ್ತಾ ಇದೆ. ಕೀ ತೆಗಿ. ತೆಗ್ದಿದ್ದೀನಿ. ತೆಗ್ದಿಲ್ಲ, ಪೂರ್ತಿ ತಿರುಗಿಸು. ಕೀ ನನ್ನ ಕೈಲಿದೆ ರೀ! ಸರಿಯಾಗಿ ನೋಡು, ಕೀ ತೆಗೆದ ಮೇಲೆ ಇಂಜಿನ್ ಹೇಗೆ ಓಡುತ್ತೆ, ಗಾಬರಿಗೆ ಏನೋ ಮಾಡಿದ್ದೀಯ — ಇಷ್ಟು ಹೇಳಿದ್ದು ನಾನು, ಬಾಯಿತುಂಬ ಹೇಳಿದೆ, ಕೆಳಗೆ ಲಿಫ್ಟಿಗೆ ಕಾಯುತ್ತಿದ್ದವರಿಗೂ ಕೇಳಿಸುವ ಹಾಗೆ. ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಫೋನು ಸೀಟಿನ ಮೇಲೆ ಬಿದ್ದಿರಬೇಕು, ಕೇಳಿಸುತ್ತಿತ್ತು ಎಲ್ಲ, ಅಪ್ಪಾ ಇಳೀರಿ, ಬೆಲ್ಟ್ ಬರ್ತಿಲ್ಲಮ್ಮ, ಅಪ್ಪಾ ಕತ್ತರಿ, ಕತ್ತರಿ ಎಲ್ಲಿ, ಕೆಮ್ಮು, ಮತ್ತೆ ಕೆಮ್ಮು, ಆ ಕಿರುಚು ಏರುತ್ತಾ ಏರುತ್ತಾ, ದಾರ ಕತ್ತರಿಸುವ ಕತ್ತರಿಯಲ್ಲಿ ಸೀಟ್ ಬೆಲ್ಟನ್ನು ಎಳೆ ಎಳೆಯಾಗಿ ಕೊಯ್ದಿದ್ದಾಳೆ, ಬಿಳಿ ಹೊಗೆಯಲ್ಲಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕನನ್ನು ಕಂಕುಳಿಗೆ ಕೈ ಹಾಕಿ ಎಳೆದಿದ್ದಾಳೆ, ಆಮೇಲೆ ಧಡ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಅದು ಇಂಜಿನ್ ಒಡೆದ ಸದ್ದು ಅಂತ ನನಗೆ ತಿಳಿದದ್ದು ಇಪ್ಪತ್ತು ನಿಮಿಷದ ಮೇಲೆ. ಆ ಇಪ್ಪತ್ತು ನಿಮಿಷ. ಹನ್ನೊಂದು ಮಹಡಿ ಮೆಟ್ಟಿಲಿಳಿದೆ, ಲಿಫ್ಟು ಬಿಚ್ಚಿಟ್ಟವನು ನಾನೇ ಅಲ್ಲವಾ.

ನಿಜ ಹೇಳಿದ್ದಳು. ಟರ್ಬೊದ ಸೀಲು ಹೋದರೆ ಎಣ್ಣೆ ಸೋರಿ ಇಂಜಿನ್ನಿನ ಬಾಯಿಗೆ ಬೀಳುತ್ತದೆ, ಡೀಸೆಲ್ ಇಂಜಿನ್ನಿಗೆ ಅದೂ ಒಂದು ಊಟ, ಕೀ ತೆಗೆದರೆ ಡೀಸೆಲ್ ನಿಲ್ಲುತ್ತದೆ, ತನ್ನ ಹೊಟ್ಟೆಯ ಎಣ್ಣೆಯನ್ನೇ ಕುಡಿಯತೊಡಗಿದ್ದು ಕೀ ಮಾತು ಯಾಕೆ ಕೇಳುತ್ತದೆ, ಒಡೆದು ಚೂರಾಗುವ ತನಕ ಓಡುತ್ತದೆ. ಲೇತಿನವರು ಹೇಳಿಕೊಟ್ಟರು, ಸಿಲಿಂಡರ್ ಕೊರೆಯುವ ಅಂಗಡಿಯ ಯಜಮಾನರು, ಕಿವಿ ಅರ್ಧ ಕೇಳದ ಮನುಷ್ಯ, ಕರಗಿದ ಪಿಸ್ಟನ್ನನ್ನು ಅಂಗೈಯಲ್ಲಿ ತೂಗುತ್ತಾ, ಗೇರಲ್ಲಿ ಹಾಕಿ ಕ್ಲಚ್ ಬಿಟ್ಟಿದ್ರೆ ನಿಂತುಹೋಗ್ತಿತ್ತಲ್ಲ, ಇಲ್ಲ ಗಾಳಿ ಹೋಗೋ ಬಾಯಿಗೆ ಹಲಗೆ ಒತ್ತಬೇಕಿತ್ತು, ಗಾಡಿಯಲ್ಲಿ ಯಾರಿದ್ರು? ನನ್ನ ಹೆಂಡತಿ. ಅವರಿಗೆ ಯಾರೂ ಹೇಳಲಿಲ್ವಾ? ಇಲ್ಲ, ಅಂದೆ, ಯಾರೂ ಹೇಳಲಿಲ್ಲ. ಅವಳಂತೂ ಗುಜರಿಗೆ ಹಾಕಿಬಿಡಿ ಅಂದಳು, ಒಂದೇ ಸಲ. ಹಾಕಿದರೆ ಮುಗಿದುಹೋಗುತ್ತಿತ್ತು, ಅದಕ್ಕೇ ಹಾಕಲಿಲ್ಲ, ಮುಗಿಯಬಾರದು ಅನ್ನಿಸಿತು, ಯಾಕೆ ಅಂತ ಬಾಯಿಬಿಟ್ಟು ಹೇಳಲಾಗಲಿಲ್ಲ, ಲಿಫ್ಟಿನ ಸರಪಳಿ ರಾಟೆ ತಂದು ಇಂಜಿನ್ ಎತ್ತಿದೆ, ಅಷ್ಟೇ. ಮೊದಲ ತಿಂಗಳು ಬರೀ ಬಿಚ್ಚುವುದು, ಬೋಲ್ಟುಗಳನ್ನೆಲ್ಲ ಹಳೆಯ ಡಬ್ಬಗಳಿಗೆ ಸುರಿದಿದ್ದೆ, ಎರಡನೆಯ ತಿಂಗಳೊಂದು ದಿನ ಕೆಲಸದಿಂದ ಬಂದು ನೋಡುತ್ತೇನೆ, ಎಲ್ಲ ಸಣ್ಣ ಸಣ್ಣ ಪ್ಲಾಸ್ಟಿಕ್ ಕವರುಗಳಲ್ಲಿ, ರಕ್ತದ ಸ್ಯಾಂಪಲ್ ಹಾಕಿಡುವಂಥವು, ಒಂದೊಂದರ ಮೇಲೂ ಚೀಟಿ, ಅವಳ ಗುಂಡು ಅಕ್ಷರ, ಉದ್ದ ಹತ್ತು, ಗಿಡ್ಡ ಆರು, ತಲೆ ಸವೆದದ್ದು ಒಂದು. ಕಾಲಿಗೆ ಚುಚ್ಚುತ್ತೆ, ಅದಕ್ಕೇ, ಅಂದಳು ಮಾವನಿಗೆ. ಕ್ರ್ಯಾಂಕು ದಂಡ ಸಾಣೆ ಹಿಡಿಸಿಕೊಂಡು ಬಂತು, ಹೊಸ ಪಿಸ್ಟನ್ನು, ರಿಂಗುಗಳನ್ನು ಕೂರಿಸುವಾಗ ಒಂದು ಮುರಿಯಿತು, ಮೂರು ವಾರ ಕಾದೆ, ಹೆಡ್ಡಿನ ಬೋಲ್ಟು ಮೂರು ಸುತ್ತಿನಲ್ಲಿ ಬಿಗಿಯಬೇಕು, ಎರಡನೆಯ ಸುತ್ತಿಗೆ ಭುಜ ಬಿದ್ದುಹೋಯಿತು, ನಲವತ್ತೊಂಬತ್ತು ವರ್ಷದ ಭುಜ, ಗಾಳಿಯ ಪೈಪುಗಳಲ್ಲಿ ಉಳಿದಿದ್ದ ಹಳೆಯ ಎಣ್ಣೆ ಒಂದು ಹನಿಯೂ ಇರಬಾರದು ಅಂತ ತೊಳೆದೆ, ಒಣಗಿಸಿದೆ, ಮತ್ತೆ ತೊಳೆದೆ. ಸಾಕಾಗಿದೆ. ಕೈ ಕಾಲು ಮನಸ್ಸು ಎಲ್ಲ ಒಟ್ಟಿಗೆ ಸಾಕು ಅನ್ನುತ್ತಿವೆ, ಆದರೆ ಪೈಪು ಕೂತಿದೆ, ಇನ್ನು ಬಿಗಿಯುವುದು ಏನೂ ಇಲ್ಲ, ಹುಡುಕಿದರೂ ಇಲ್ಲ.

ಟರ್ಬೊ ಒಳಗೆ ಎಣ್ಣೆ ಬಿಟ್ಟಾಯಿತು, ಡೀಸೆಲ್ ಇಲ್ಲದೆ ನಾಲ್ಕು ಸಲ ತಿರುಗಿಸಿ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಸೂಚಿಸುವ ದೀಪ ಆರಿದ್ದೂ ನೋಡಿಯಾಯಿತು, ಕೈ ಒರೆಸಿಕೊಂಡು ನಿಂತಿದ್ದೇನೆ, ಒಬ್ಬನೇ ಆಗುವುದಿಲ್ಲ ಇದು, ಒಬ್ಬರು ಗಾಳಿಯ ಬಾಯಿಯ ಹತ್ತಿರ ನಿಲ್ಲಬೇಕು, ಮಾವನ ಕೈ ನಡುಗುತ್ತದೆ. ಬಾಗಿಲ ಹತ್ತಿರ ಹೋಗಿ ಕೆಮ್ಮಿದೆ. ಸ್ಟಾರ್ಟ್ ಮಾಡ್ತಿದ್ದೀನಿ, ಅಂದೆ. ಮಾಡಿ, ಅಂದಳು ಒಳಗಿಂದ. ಒಬ್ಬರು ಬೇಕು, ಅಕಸ್ಮಾತ್ ನಿಲ್ಲದೆ ಹೋದ್ರೆ, ಅಂದೆ, ಅಲ್ಲಿಗೇ ಮಾತು ನಿಂತಿತು, ಒಳಗೆ ಪಾತ್ರೆ ತೊಳೆಯುವ ಸದ್ದೂ ನಿಂತಿತು. ನಿಲ್ಲದೆ ಹೋದ್ರೆ ಏನ್ಮಾಡ್ಬೇಕು? ಗಾಳಿ ಹೋಗೋ ಬಾಯಿಗೆ ಗಟ್ಟಿ ಹಲಗೆ ಒತ್ತಿ ಹಿಡಿದ್ರೆ ಉಸಿರು ಕಟ್ಟಿ ನಿಲ್ಲುತ್ತೆ, ಕೈ ಮಾತ್ರ ಒಡ್ಡಬಾರ್ದು, ಎಳ್ಕೊಂಡುಬಿಡುತ್ತೆ. ಹೀಗೊಂದು ದಾರಿ ಇತ್ತಾ, ಅಂದಳು. ಇತ್ತು, ನನಗೂ ಗೊತ್ತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಂದಳು, ಕೈಯಲ್ಲಿ ತರಕಾರಿ ಹೆಚ್ಚುವ ಮರದ ಹಲಗೆ, ಆಗಷ್ಟೇ ತೊಳೆದದ್ದು, ನೀರು ತೊಟ್ಟಿಕ್ಕುತ್ತಿದೆ, ಏಳು ತಿಂಗಳಲ್ಲಿ ಮೊದಲ ಸಲ ಕಾರಿಗೆ ಇಷ್ಟು ಹತ್ತಿರ, ಬಗ್ಗಿ ಆ ಬಾಯಿಯನ್ನು ನೋಡಿದಳು, ಹಲಗೆ ಇಟ್ಟು ತೆಗೆದು ಅಳತೆ ನೋಡಿದಳು, ಸಾಕಾಗುತ್ತೆ. ಮಾವ ಸ್ಟೂಲನ್ನು ಗೇಟಿನ ಆಚೆಗೆ ಹಾಕಿಕೊಂಡರು, ನಾನು ಇಲ್ಲಿಂದಾನೇ ಧೈರ್ಯ ಕೊಡ್ತೀನಿ. ಕೂತೆ. ಎತ್ತಿಟ್ಟ ಬಾನೆಟ್ಟಿನ ಕೆಳಗೆ ನಾಲ್ಕು ಬೆರಳಿನಷ್ಟು ಸಂದು, ಆ ಸಂದಿನಲ್ಲಿ ಅವಳ ಮುಖ ಕಾಣುವುದಿಲ್ಲ, ಕಾಣುವುದು ಎರಡು ಕೈ, ಗಾಳಿಯ ಬಾಯಿಗೆ ಗೇಣು ದೂರದಲ್ಲಿ ಹಿಡಿದ ಆ ಹಲಗೆ. ಕೀ ತಿರುಗಿಸಿದೆ. ಒದ್ದಾಡಿತು, ಕೆಮ್ಮಿತು, ಇಲ್ಲ. ಮತ್ತೊಮ್ಮೆ, ಇಲ್ಲ, ಮೂರನೆಯದಕ್ಕೆ ಗಕ್ಕನೆ ಹಿಡಿದುಕೊಂಡಿತು, ಓಡಿತು, ಹೊಗೆ, ಕರಿ, ಬೂದು, ಆಮೇಲೆ ತಿಳಿ, ಓಡುತ್ತಿದೆ, ಗುಡುಗುಡು ಅಂತ ಒಂದೇ ಸಮನೆ, ಮಾವ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾರೆ, ಗಂಡು ಮಗು ಕಣ್ರೀ, ಅಳು ಕೇಳಿದ್ರೇ ಗೊತ್ತಾಗುತ್ತೆ! ಆ ಎರಡು ಕೈ ಮಾತ್ರ ಅಲುಗಲಿಲ್ಲ.

ನನ್ನ ಕಣ್ಣಲ್ಲಿ ನೀರು, ಹೊಗೆಗಿರಬೇಕು, ಹೊಗೆಗೇ ಇರಲಿ, ಇದಕ್ಕಾಗಿಯೇ ಏಳು ತಿಂಗಳು, ಇದು ಓಡಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ, ಓಡಿತು, ನೋಡು, ನೋಡಿದೆಯಾ, ಅಂತ ಕೂಗಿದೆ. ಸಂದಿನಿಂದ ಅವಳ ದನಿ, ನಿಲ್ಲಿಸಿ. ಇನ್ನೂ ಬಿಸಿಯಾಗಬೇಕು. ನಿಲ್ಲಿಸಿ ರೀ. ಕೀ ತಿರುಗಿಸಿದೆ, ಒಂದು ಕುಲುಕು, ನಿಂತಿತು. ನಿಶ್ಶಬ್ದ. ಎಲ್ಲೋ ಲೋಹ ತಣ್ಣಗಾಗುವ ಟಿಕ್ ಟಿಕ್. ಮತ್ತೆ ಮಾಡಿ, ಅಂದಳು. ಮಾಡಿದೆ. ನಿಲ್ಲಿಸಿ. ನಿಲ್ಲಿಸಿದೆ. ಮತ್ತೆ. ನಾಲ್ಕನೆಯ ಸಲಕ್ಕೆ ಮಾವನ ಚಪ್ಪಾಳೆ ನಿಂತಿತು, ಐದನೆಯದಕ್ಕೆ ನನಗೆ ಹೊಳೆಯಿತು, ಎಂಥ ದಡ್ಡ ನಾನು, ಇಷ್ಟು ಭಾನುವಾರ ನಾನು ಕಾದದ್ದು ಇದು ಶುರುವಾಗುವುದನ್ನು, ಇವಳು ನೋಡಬೇಕಾಗಿದ್ದು ನಿಲ್ಲುವುದನ್ನು, ನಿಲ್ಲಿಸುವುದೇ ಹೊಟ್ಟೆಪಾಡಾದವನು ನಾನು, ಎಷ್ಟು ಮಹಡಿಗಳಲ್ಲಿ ಎಷ್ಟು ಬ್ರೇಕು ಕೂರಿಸಿದ್ದೇನೆ, ಯಾರಾದರೂ ಫೋನು ಮಾಡಿ ಲಿಫ್ಟು ನಿಲ್ತಿಲ್ಲ ಅಂದರೆ ಸರಿಯಾಗಿ ನೋಡಿ ಅಂದಿದ್ದೇನಾ, ಒಬ್ಬರಿಗೂ ಅಂದಿಲ್ಲ, ಓಡಿ ಹೋಗಿದ್ದೇನೆ. ಆರನೆಯದು ನಿಂತ ಮೇಲೆ ಆ ನಿಶ್ಶಬ್ದಕ್ಕೆ ಹೇಳಿದೆ, ಸಂದಿನ ಕಡೆ ಬಾಗಿ, ಅವತ್ತು ಕೀ ನಿನ್ನ ಕೈಲೇ ಇತ್ತು. ಕೈಗಳು ಅಲುಗಲಿಲ್ಲ. ನನಗೆ ಗೊತ್ತು, ಅಂದಳು. ನಾನು ನಂಬಲಿಲ್ಲ. ಅದೂ ಗೊತ್ತು. ಮುಂದೆ ಏನು ಹೇಳಬೇಕು ನಾನು, ಏನೋ ಇತ್ತು, ಏಳು ತಿಂಗಳಿಂದ ನಾಲಿಗೆಯ ಮೇಲೆ ಜೋಡಿಸಿಟ್ಟುಕೊಂಡದ್ದು, ತಪ್ಪಾಯ್ತು ಅನ್ನುವ ಒಂದು ಮಾತು, ಆಡಿದೆ, ಎಷ್ಟು ಸಣ್ಣದು, ಅವಳಿಗೆ ಕೇಳಿಸಿತೋ ಇಲ್ಲವೋ, ಕೇಳಿಸಿರಬೇಕು, ಇನ್ನೊಂದ್ ಸಲ, ಅಂದಳು, ದನಿ ಒರಟಾಗಿರಲಿಲ್ಲ, ಸುಸ್ತಾಗಿತ್ತು, ನನ್ನದರಷ್ಟೇ. ಮಾಡಿದೆ, ನಿಲ್ಲಿಸಿದೆ, ನಿಂತಿತು, ಕೀ ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟೆ, ಮುಗಿಯಿತು, ಕೈ ಇಳಿಸು, ಅಂದೆ, ಮೆಲ್ಲಗೆ ಅಂದೆ, ನಿಂತಿದೆ ನೋಡು, ಪೂರ್ತಿ ನಿಂತಿದೆ, ಇನ್ನು ಇಳಿಸಬಹುದು — ಬಾನೆಟ್ಟಿನ ಕೆಳಗಿನ ಸಂದು, ಒದ್ದೆ ಹಲಗೆ, ಅದರ ಎರಡು ಅಂಚಿಗೆ ಬೆಳ್ಳಗಾದ ಎಂಟು ಬೆರಳು, ಉಸಿರೇ ಇಲ್ಲದ ಆ ಬಾಯಿಯ ಮುಂದೆ ಹಿಡಿದದ್ದು ಹಿಡಿದ ಹಾಗೆಯೇ.